ಕಡಲಿಂದ ಬಂದವರು, ಕಡಲಿಗೆ ಹೋಗದ ದೊರೆ

ಸುರಪುರದ ಗುಡ್ಡದ ಮೇಲೆ ನಿಂತರೆ ಸುತ್ತಲೂ ಬಂಡೆ, ಅದರ ಕೆಳಗೆ ಕಪ್ಪು ಎರೆಹೊಲ, ಅಲ್ಲಲ್ಲಿ ಕಾಲುವೆ ನೀರು ಕಂಡ ಗದ್ದೆಯ ಹಸಿರು. ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ. ಸಮುದ್ರ ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ದೂರ, ಸಹ್ಯಾದ್ರಿಯ ಆಚೆ ಮಗ್ಗುಲಲ್ಲಿ. ಯಾದಗಿರಿ, ಶಹಾಪುರ, ಸುರಪುರದ ಇತಿಹಾಸ ಬರೆದವರು ಕೋಟೆ, ಸಂಸ್ಥಾನ, ನಿಜಾಮ, ದಂಗೆ ಎಂದು ಬರೆದಿದ್ದಾರೆ. ಬಂದರು ಎಂಬ ಮಾತು ಅಲ್ಲಿ ಕಾಣುವುದೇ ಅಪರೂಪ. ಆದರೆ ಈ ಸೀಮೆಯ ಹಣೆಬರಹದ ಎಷ್ಟೋ ಸಾಲುಗಳು ಹಡಗಿನ ಮೇಲೆ ಬಂದವು ಎಂದೇ ನನಗೆ ಅನಿಸುತ್ತದೆ. ಈ ಊರುಗಳ ವಿವರವನ್ನು ಬರೆದಿಟ್ಟವರೂ ಬಹುಮಟ್ಟಿಗೆ ಹಡಗಿನಿಂದ ಇಳಿದು ಬಂದವರು. ಇಲ್ಲಿಯ ದೊರೆಯೊಬ್ಬನಿಗೆ ಮಾತ್ರ ಹಡಗು ಹತ್ತುವುದೆಂದರೆ ಸಾವಿಗಿಂತ ಕಡೆಯಾಗಿತ್ತು. ಈ ಎರಡು ತುದಿಗಳ ನಡುವೆ ನಾನ್ನೂರೈವತ್ತು ವರ್ಷಗಳಿಗೂ ಮಿಕ್ಕ ಕಥೆ ಇದೆ.

ಕಥೆ ಶಹಾಪುರದ ಪಕ್ಕದ ಸಗರದಿಂದ ಶುರುವಾಗುತ್ತದೆ. ಇವತ್ತು ಸಗರ ಎಂದರೆ ಜನಕ್ಕೆ ನೆನಪಾಗುವುದು ಸೂಫಿ ಸರ್‌ಮಸ್ತರ ದರ್ಗಾ. ಬಹಮನಿಗಳ ಕಾಲದಲ್ಲಿ ಅದು ಗಟ್ಟಿ ಕೋಟೆಯ ಊರು. 1397ರಲ್ಲಿ ಕಲಬುರಗಿಯ ಅರಮನೆಯಲ್ಲಿ ತಘಲ್‌ಚೀನ್ ಎಂಬ ತುರ್ಕಿ ಗುಲಾಮ ಸುಲ್ತಾನನ ಕಣ್ಣು ಕೀಳಿಸಿ, ಅವನನ್ನು ಸಗರದ ಕೋಟೆಗೆ ಸೆರೆಯಾಗಿ ಕಳಿಸಿದ. ಅದೇ ಗದ್ದಲದಲ್ಲಿ ಫಿರೋಜ್ ಮತ್ತು ಅಹಮದ್ ಎಂಬ ಅಣ್ಣತಮ್ಮಂದಿರು ಜೀವ ಉಳಿಸಿಕೊಳ್ಳಲು ಓಡಿ ಬಂದದ್ದೂ ಸಗರಕ್ಕೇ. ಕೋಟೆಯ ಅಧಿಕಾರಿ ಸಿದ್ದು ಎಂಬವನು ಅವರಿಗೆ ಬಾಗಿಲು ತೆರೆದ. ಇಲ್ಲಿಂದಲೇ ಸೈನ್ಯ ಕೂಡಿಸಿಕೊಂಡು ಹೋದ ಫಿರೋಜ್ ಅದೇ ವರ್ಷ ಸುಲ್ತಾನನಾದ, ತಮ್ಮ ಅಹಮದ್ ಮುಂದೆ ರಾಜಧಾನಿಯನ್ನು ಬೀದರಿಗೆ ಒಯ್ದ.

ಸಗರದಲ್ಲಿ ತಲೆಮರೆಸಿಕೊಂಡಿದ್ದ ಈ ಫಿರೋಜ್ ಷಾ ಗದ್ದುಗೆ ಏರಿದ ಮೇಲೆ ಪ್ರತಿವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸುತ್ತಿದ್ದ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ದೇಶದೇಶದ ಅಪರೂಪದ ಸರಕು ತರುವುದು ಆ ಹಡಗುಗಳ ಕೆಲಸ. ಅದಕ್ಕಿಂತ ಮುಖ್ಯವಾಗಿ ಪಂಡಿತರನ್ನು, ಕುಶಲಿಗಳನ್ನು, ಮಾತು ಬಲ್ಲವರನ್ನು ಕರೆತರಬೇಕಿತ್ತು. ಭೀಮೆಯ ದಂಡೆಯಲ್ಲಿ ಅವನು ಕಟ್ಟಿಸಿದ ಫಿರೋಜಾಬಾದಿನ ಅರಮನೆಯಲ್ಲಿ ನಾನಾ ದೇಶದ ಹೆಂಗಸರಿದ್ದರೆಂದೂ, ಅವರವರ ಜೊತೆ ಅವರವರ ಭಾಷೆಯಲ್ಲೇ ಸುಲ್ತಾನ ಮಾತಾಡುತ್ತಿದ್ದನೆಂದೂ ಫೆರಿಷ್ತಾ ಹೇಳುತ್ತಾನೆ. ಉತ್ಪ್ರೇಕ್ಷೆ ಇರಬಹುದು. ಆದರೆ ಪಾಳುಬಿದ್ದ ಆ ಊರಿನ ಗೋಡೆಗಳು ಭೀಮೆಯ ದಡದಲ್ಲಿ ಇನ್ನೂ ನಿಂತಿವೆ. ಅವನ್ನು ಕಂಡವರಿಗೆ ಕಡಲು ಕಾಣದ ನಾಡಿನಲ್ಲಿ ಕೂತು ಕಡಲಾಚೆಯವರನ್ನು ಕರೆಸಿಕೊಂಡ ಆ ಮನುಷ್ಯನ ಹಂಬಲ ನಂಬಲಾಗದ್ದು ಎನಿಸುವುದಿಲ್ಲ.

ಇದೇ ಫಿರೋಜ್ 1398ರಲ್ಲಿ ವಿಜಯನಗರದ ಮೇಲೆ ಹೋದಾಗ ಕೃಷ್ಣೆ ತುಂಬಿ ಹರಿಯುತ್ತಿತ್ತು. ಆಗ ಅವನ ದಂಡು ದಾಟಿದ್ದು ಚರ್ಮ ಹೊದಿಸಿದ ಬುಟ್ಟಿಗಳಲ್ಲಿ, ಅಂದರೆ ನಮ್ಮ ಹರಿಗೋಲುಗಳಲ್ಲಿ. ಬಿದಿರು ಹೆಣೆದು, ಎಮ್ಮೆಯ ಚಕ್ಕಳ ಬಿಗಿದು, ಒಂದೇ ಹುಟ್ಟಿನಿಂದ ತಿರುಗಿಸುತ್ತ ಸೆಳವಿಗೆ ಅಡ್ಡಲಾಗಿ ಸಾಗುವ ದುಂಡನೆಯ ದೋಣಿ ಅದು. ಮುಂದೆ ಪೋರ್ಚುಗೀಸ್ ವ್ಯಾಪಾರಿ ಪಾಯೆಸ್ ವಿಜಯನಗರಕ್ಕೆ ಬಂದಾಗ ತುಂಗಭದ್ರೆಯಲ್ಲಿ ಇಂಥದ್ದೇ ದೋಣಿ ಕಂಡು ಬೆರಗಿನಿಂದ ವರ್ಣಿಸಿದ್ದಾನೆ. ಸೇತುವೆಗಳು ಬರುವವರೆಗೂ ತಿಂಥಣಿಯ ಮೌನೇಶ್ವರನ ಜಾತ್ರೆಗೆ ಆ ದಡದಿಂದ ಬರುವವರಿಗೆ ಗತಿ ಇದೇ. ಈ ಸೀಮೆಯವರಿಗೆ ಗೊತ್ತಿದ್ದ ಜಲಯಾನ ಎಂದರೆ ಇಷ್ಟೇ.

ಫಿರೋಜನ ಹಡಗುಗಳ ಹಿಂದೆ ದೊಡ್ಡದೊಂದು ವ್ಯಾಪಾರವಿತ್ತು, ಅದು ಕುದುರೆಯದು. ದಖನ್ನಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುವುದಿಲ್ಲ, ಬಿಸಿಲಿಗೆ ಬಾಳುವುದೂ ಕಷ್ಟ. ಹಾಗಾಗಿ ಬಹಮನಿಗಳಿಗೂ ವಿಜಯನಗರಕ್ಕೂ ವರ್ಷವರ್ಷವೂ ಹೊಸ ಕುದುರೆ ಬೇಕು. ಅವು ಪರ್ಷಿಯಾ ಕಡೆಯ ಹುರ್ಮುಜ್ ಬಂದರಿನಿಂದ, ಅರಬ್ ಕರಾವಳಿಯಿಂದ ಹಡಗಿನಲ್ಲಿ ಬರುತ್ತಿದ್ದವು. ಚೌಲ್, ದಾಭೋಳ, ಗೋವಾ, ಭಟ್ಕಳದಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಅಂಥ ಒಂದು ಹಡಗಿನಲ್ಲಿ, ಒಂದೇ ಒಂದು ಕುದುರೆಯೊಂದಿಗೆ, ಒಬ್ಬ ರಷ್ಯನ್ ಬಂದ.

ಅವನ ಹೆಸರು ಅಫನಾಸಿ ನಿಕಿತಿನ್, ತ್ವೇರ್ ಎಂಬ ಊರಿನ ವ್ಯಾಪಾರಿ. ವೋಲ್ಗಾ ನದಿಯಲ್ಲಿ ಸರಕು ಹೇರಿಕೊಂಡು ಹೊರಟವನನ್ನು ತಾತಾರರು ದೋಚಿದರು. ಬರಿಗೈಯಲ್ಲಿ ಊರಿಗೆ ಮರಳಿದರೆ ಸಾಲಗಾರರು ಬಿಡುವುದಿಲ್ಲ. ಕಾಸ್ಪಿಯನ್ ದಾಟಿ ಪರ್ಷಿಯಾದಲ್ಲಿ ಅಲೆದು ಹುರ್ಮುಜ್ ಮುಟ್ಟಿದ. ಹಿಂದೂಸ್ತಾನದಲ್ಲಿ ಕುದುರೆಗೆ ಬೆಲೆ ಇದೆಯೆಂದು ಕೇಳಿ ಇದ್ದದ್ದನ್ನೆಲ್ಲ ಒಂದು ಗಂಡು ಕುದುರೆಯ ಮೇಲೆ ಸುರಿದು, 1469ರ ಸುಮಾರಿಗೆ ಅದರೊಂದಿಗೆ ಹಡಗು ಹತ್ತಿದ. ಮಸ್ಕತ್, ದಿಯು, ಖಂಬಾತ್ ಬಂದರುಗಳನ್ನು ಮುಟ್ಟುತ್ತ ಚೌಲ್‌ನಲ್ಲಿ ಇಳಿದ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬರಲು ಇನ್ನೂ ಸುಮಾರು ಮೂವತ್ತು ವರ್ಷವಿತ್ತು.

ಜುನ್ನಾರಿನಲ್ಲಿ ಮಳೆ ನಾಲ್ಕು ತಿಂಗಳು ಅವನನ್ನು ಹಿಡಿದು ಕೂರಿಸಿತು. ಅಲ್ಲಿಯ ಖಾನ ಕುದುರೆ ಕಿತ್ತುಕೊಂಡು, ನಮ್ಮ ಮತಕ್ಕೆ ಸೇರಿದರೆ ಕುದುರೆಯನ್ನೂ ಸಾವಿರ ಹೊನ್ನನ್ನೂ ಕೊಡುತ್ತೇನೆಂದ. ಖೊರಾಸಾನಿನವನೊಬ್ಬ ನಡುವೆ ಬಂದು ಮಾತಾಡಿ ಬಿಡಿಸಿದ. ಬಳಿಕ ಬೀದರಿಗೆ ಹೋಗಿ ಬಹಳ ದಿನ ಕಾದು ಕುದುರೆ ಮಾರಿದ. ಕಲಬುರಗಿಯನ್ನು ಕಂಡ, ಆಳಂದದ ಜಾತ್ರೆಗೆ ಸೇರುವ ಕುದುರೆಗಳ ಬಗ್ಗೆ ಬರೆದ, ಶಿವರಾತ್ರಿಗೆ ಇಲ್ಲಿಯ ಜನರೊಂದಿಗೆ ಶ್ರೀಶೈಲಕ್ಕೂ ಹೋಗಿಬಂದ. ಆಗ ಬೀದರಿನಲ್ಲಿ ವಜೀರನಾಗಿದ್ದ ಮಹಮೂದ್ ಗಾವಾನನೂ ಪರ್ಷಿಯಾದ ಗೀಲಾನಿನಿಂದ ಹಡಗಿನಲ್ಲಿ ಬಂದು ದಾಭೋಳದಲ್ಲಿ ಇಳಿದ ವ್ಯಾಪಾರಿಯೇ. ಯಾದಗಿರಿ, ಸಗರ ಎಲ್ಲ ಅವನ ಆಡಳಿತಕ್ಕೆ ಸೇರಿದ ನಾಡು.

ನಿಕಿತಿನನ ಬರವಣಿಗೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಊಟದ ಮಾತು. ನಾನು ಮುಸಲ್ಮಾನನಲ್ಲ, ಕ್ರೈಸ್ತ ಎಂದು ಹಿಂದೂಗಳಿಗೆ ತಿಳಿಸಿದ ಮೇಲೆ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲವಂತೆ. ಅವನು ನೋಡಿದ್ದು ಇದು: ಮಾಂಸ ಮುಟ್ಟುವುದಿಲ್ಲ, ದಿನಕ್ಕೆ ಎರಡು ಹೊತ್ತು ಊಟ. ಅಕ್ಕಿ, ಬೆಣ್ಣೆ ಹಾಕಿದ ಖಿಚಡಿ, ಸೊಪ್ಪು, ಹಾಲು. ಬಲಗೈಯಲ್ಲೇ ತಿನ್ನುತ್ತಾರೆ, ಎಡಗೈ ತಾಗಿಸುವುದಿಲ್ಲ, ಚಾಕು ಹಿಡಿಯುವುದಿಲ್ಲ. ಒಬ್ಬರೊಡನೆ ಒಬ್ಬರು ಒಂದೇ ತಟ್ಟೆಯಲ್ಲಿ ಉಣ್ಣುವುದಿಲ್ಲ, ಗಂಡ ಹೆಂಡತಿಯೂ ಇಲ್ಲ. ಪ್ರಯಾಣದಲ್ಲಿ ಒಬ್ಬೊಬ್ಬರೂ ತಮ್ಮ ಗಡಿಗೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಾರೆ. ಕುದುರೆಗಳಿಗೂ ಇಲ್ಲಿ ಕಾಳು ಬೇಯಿಸಿ ಹಾಕುತ್ತಾರೆ ಎಂದೂ ಗುರುತು ಹಾಕಿಕೊಂಡ. ತೀರ್ಪು ಕೊಡುವ ಅವಸರವಿಲ್ಲದೆ, ಒಬ್ಬರ ಪಡಸಾಲೆಯ ಮೂಲೆಯಲ್ಲಿ ಕೂತು ನೋಡಿದವನ ಮಾತು ಇವು. ತನ್ನ ಹಬ್ಬಗಳ ಲೆಕ್ಕ ತಪ್ಪಿತಲ್ಲ, ಪುಸ್ತಕಗಳು ಕಳುವಾದವಲ್ಲ ಎಂಬ ಸಂಕಟವನ್ನೂ ಅವನು ಅದರ ನಡುವೆಯೇ ಬರೆದ. ಕೊನೆಗೆ ದಾಭೋಳದಲ್ಲಿ ಹಡಗು ಹತ್ತಿದ. ಊರು ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ಬಳಿಯೇ ತೀರಿಕೊಂಡ. ಬರೆದ ಹಾಳೆಗಳು ಮಾತ್ರ ರಷ್ಯ ಸೇರಿದವು.

ಅವನು ಪಟ್ಟಿ ಮಾಡಿದ ಊಟದಲ್ಲಿ ಮೆಣಸಿನಕಾಯಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಅದು ಆಗಿನ್ನೂ ಅಮೆರಿಕ ಖಂಡ ಬಿಟ್ಟಿರಲಿಲ್ಲ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅವರ ಹಡಗುಗಳಲ್ಲಿ ಅದು ಈ ಕರೆಗೆ ಬಂತು, ಘಟ್ಟ ಹತ್ತಿ ಬಯಲುಸೀಮೆಗೆ ಇಳಿಯಿತು. ಇವತ್ತು ಯಾದಗಿರಿಯ ಯಾವ ಖಾನಾವಳಿಗೇ ಹೋಗಿ, ತಟ್ಟೆಯಲ್ಲಿ ಬರುವುದನ್ನು ಒಂದೊಂದಾಗಿ ನೋಡಿ. ಮೊದಲು ಜೋಳದ ರೊಟ್ಟಿ. ಹಿಟ್ಟಿಗೆ ಕುದಿವ ಎಸರು ಹೊಯ್ದು ನಾದಿ, ಎರಡೂ ಅಂಗೈಯಿಂದ ಬಡಿದು ತೆಳ್ಳಗೆ ಮಾಡಿ, ಹಂಚಿಗೆ ಹಾಕಿ ಮೇಲೆ ನೀರು ಸವರಿ, ತಿರುವಿ, ಉರಿಗೆ ಹಿಡಿದು ಉಬ್ಬಿಸಿದ್ದು. ಇಲ್ಲಿಯವರ ಪ್ರಾಣವೇ ಆದ ಈ ಜೋಳ ಹುಟ್ಟಿದ್ದು ಆಫ್ರಿಕದಲ್ಲಿ. ಸಜ್ಜೆಯ ತವರೂ ಅಲ್ಲೇ. ಸಾವಿರಾರು ವರ್ಷಗಳ ಹಿಂದೆ ಅವು ಕಡಲ ಕರೆ ಹಿಡಿದು ಬಂದು ದಖನ್ನಿನ ಹೊಲ ಸೇರಿದವು. ರೊಟ್ಟಿಯ ಪಕ್ಕ ಪುಂಡಿಪಲ್ಯ. ಹುಳಿಯಾದ ಎಲೆ ಬೇಯಿಸಿ, ಬೇಳೆ ಸೇರಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟದ್ದು. ಪುಂಡಿಯ ಮೂಲವೂ ಆಫ್ರಿಕವೇ. ಅದರ ಪಕ್ಕ ಹುರಿದ ಶೇಂಗಾ, ಖಾರ, ಬೆಳ್ಳುಳ್ಳಿ, ಜೀರಿಗೆ ಒಳಕಲ್ಲಿನಲ್ಲಿ ಕುಟ್ಟಿದ ಹಿಂಡಿ. ಶೇಂಗಾ ದಕ್ಷಿಣ ಅಮೆರಿಕದ್ದು, ಖಾರವೂ ಆ ಕಡೆಯದೇ. ಬೇಳೆಗೆ ಹಾಕಿದ ತೊಗರಿ ಮಾತ್ರ ನಮ್ಮದೇ ನೆಲದ್ದು. ಕಡಲ ಯಾನ ಮಾಡುವವರು ಬಂದರಿನಲ್ಲಿ ಇಳಿದು ಹೊಸ ಊಟ ಹುಡುಕುತ್ತಾರೆ. ಈ ಬಯಲಿನವರು ಇದ್ದಲ್ಲೇ ಇದ್ದು ಮೂರು ಖಂಡಗಳ ಬೆಳೆಯನ್ನು ಒಂದು ತುತ್ತಿಗೆ ತಂದುಕೊಂಡರು. ಯಾವ ಕಾಳನ್ನೂ ಅವರು ಪರದೇಶಿ ಎನ್ನಲಿಲ್ಲ. ಎಳ್ಳಮಾಸಿಯ ದಿನ ಸಜ್ಜಿಯ ರೊಟ್ಟಿ, ಭಜ್ಜಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಭೂತಾಯಿಗೆ ಕೊಡುವುದೂ ಇವನ್ನೇ.

ಹಡಗುಗಳು ಬೀಜವನ್ನಷ್ಟೇ ತರಲಿಲ್ಲ, ಬಂದೂಕನ್ನೂ ತಂದವು. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಕಡೆ ನಿಂತು ಕೋಟೆಗೋಡೆಯ ಮೇಲಿನವರನ್ನು ಹೊಡೆದುರುಳಿಸಿದವರು ಕ್ರಿಸ್ತೊವಾಂವ್ ದ ಫಿಗೆರೆದು ಎಂಬವನ ಜೊತೆ ಬಂದ ಪೋರ್ಚುಗೀಸ್ ಕೋವಿಗಾರರು. ಆ ಯುದ್ಧದ ವಿವರ ಬರೆದಿಟ್ಟ ನೂನಿಜ್‌ನೂ ಕುದುರೆ ವ್ಯಾಪಾರಿಯೇ. ಮುಂದಿನ ಶತಮಾನಗಳಲ್ಲಿ ಕೃಷ್ಣಾತೀರದ ಬೇಡರು ಗುರಿಕಾರಿಕೆಗೆ ದಖನ್ನಿನಲ್ಲೆಲ್ಲ ಹೆಸರಾದರು. 1705ರಲ್ಲಿ ಎಂಬತ್ತು ದಾಟಿದ ಔರಂಗಜೇಬ ತಾನೇ ಬಂದು ಸುರಪುರದ ಬಳಿಯ ವಾಗಣಗೇರಿ ಕೋಟೆಯ ಮುಂದೆ ತಿಂಗಳುಗಟ್ಟಲೆ ಕೂರಬೇಕಾಯಿತು. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಬಿತ್ತು, ಬೇಡರ ನಾಯಕ ಪಿಡ್ಡನಾಯಕ ಸಿಗಲಿಲ್ಲ. ಬೇಡ ನಾಯಕರು ಸುರಪುರದ ಗುಡ್ಡಗಳ ನಡುವೆ ನೆಲೆನಿಂತು ಸಂಸ್ಥಾನ ಬೆಳೆಸಿದರು, ನಿಜಾಮನಿಗೆ ಕಪ್ಪ ಕೊಡುವ ಒಪ್ಪಂದಕ್ಕೂ ಬಂದರು.

ಇಲ್ಲಿಗೆ ಬರುತ್ತಾನೆ ನಮ್ಮ ಮುಖ್ಯ ಪಾತ್ರ. ಫಿಲಿಪ್ ಮೆಡೋಸ್ ಟೇಲರ್, 1808ರಲ್ಲಿ ಲಿವರ್‌ಪೂಲ್ ಎಂಬ ಬಂದರಿನ ಊರಿನಲ್ಲಿ ಹುಟ್ಟಿದವನು. ತಂದೆಯ ವ್ಯಾಪಾರ ಮುಳುಗಿತು. 1824ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಲು ಅವನನ್ನು ಹಡಗು ಹತ್ತಿಸಿದರು. ಆಗಿನ ಹಡಗು ಎಂದರೆ ಹಾಯಿ, ಗಾಳಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಫ್ರಿಕದ ಕೊನೆಯ ಗುಡ್‌ಹೋಪ್ ಭೂಶಿರ ಸುತ್ತಿ ಬರಲು ನಾಲ್ಕೈದು ತಿಂಗಳು ಬೇಕು. ಉಪ್ಪು ಹಾಕಿದ ಮಾಂಸ, ಕಲ್ಲಿನಂಥ ಬಿಸ್ಕತ್ತು, ಪೀಪಾಯಿಯಲ್ಲಿ ದಿನದಿನಕ್ಕೆ ಕೆಡುತ್ತ ಹೋಗುವ ನೀರು. ಮುಂಬಯಿಯಲ್ಲಿ ಇಳಿದಾಗ ಕೆಲಸ ಕೊಡಬೇಕಾದ ವ್ಯಾಪಾರಿಯೇ ದಿವಾಳಿಯ ಅಂಚಿನಲ್ಲಿದ್ದ. ಬಂಧುವೊಬ್ಬರ ನೆರವಿನಿಂದ ಹುಡುಗನಿಗೆ ನಿಜಾಮನ ಸೈನ್ಯದಲ್ಲಿ ಹುದ್ದೆ ಸಿಕ್ಕಿತು. ಅವನು ಘಟ್ಟ ಹತ್ತಿದ್ದು ಹೀಗೆ. ಭಾಷೆಗಳನ್ನು ಕಲಿತ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದ. ಪಾಮರನ ತಾಯಿ ಮೊಘಲ್ ಮನೆತನದ ಹೆಣ್ಣುಮಗಳು. 1839ರಲ್ಲಿ ಲಂಡನ್ನಿನಲ್ಲಿ ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಅಚ್ಚಾಗಿ ಹೆಸರು ತಂದಿತು.

1841ರಲ್ಲಿ ಅವನನ್ನು ಸುರಪುರಕ್ಕೆ ಕಳಿಸಿದರು. ಸಂಸ್ಥಾನ ಸಾಲದಲ್ಲಿತ್ತು, ಮನೆಯೊಳಗೆ ಅಧಿಕಾರಕ್ಕೆ ಜಗಳವಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿದ ಮೇಲೆ ಮಗ ವೆಂಕಟಪ್ಪ ಇನ್ನೂ ಸಣ್ಣ ಹುಡುಗ. ಒಂದು ಕಡೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಚಿಕ್ಕಪ್ಪ ಪಿಡ್ಡನಾಯಕರು. ನಡುವೆ ಕಂಪನಿಯ ಕಡೆಯ ಟೇಲರ್. ಈಶ್ವರಮ್ಮನ ಬಗ್ಗೆ ಅವನು ಬರೆದದ್ದೆಲ್ಲ ಕಹಿ. ಅದನ್ನು ಓದುವಾಗ ಒಂದು ಮಾತು ನೆನಪಿಡಬೇಕು. ತನ್ನ ಮನೆಯ ಅಧಿಕಾರವನ್ನು ಹೊರಗಿನವನಿಗೆ ಬಿಟ್ಟುಕೊಡಲು ಒಪ್ಪದ ಹೆಂಗಸು ಆಕೆ, ಆಕೆಯ ಮಾತನ್ನು ಆಕೆಯೇ ಬರೆದದ್ದು ನಮ್ಮ ಕೈಗೆ ಬಂದಿಲ್ಲ.

ಆದರೂ ಟೇಲರ್ ಬಂದು ಹೋದವನಲ್ಲ, ಹನ್ನೆರಡು ವರ್ಷ ನಿಂತವನು. ಲೆಕ್ಕ ಸರಿಮಾಡಿದ, ಕೆರೆ ದುರಸ್ತಿ ಮಾಡಿಸಿದ. ಹಿಂದೆ ನಾಯಕರು ಕಟ್ಟಿಸಿದ ಬೋನಾಳ ಕೆರೆಯನ್ನು ಅವನ ಕಾಲದಲ್ಲಿ ದೊಡ್ಡದು ಮಾಡಿದರು. ಈಗ ಅದು ಪಕ್ಷಿಧಾಮ, ಚಳಿಗಾಲಕ್ಕೆ ದೂರದ ನಾಡುಗಳಿಂದ ಬರುವ ಬಾತುಗಳೂ ಅಲ್ಲಿ ಇಳಿಯುತ್ತವೆ. ಗುಡ್ಡದ ನೆತ್ತಿಯಲ್ಲಿ ಅವನು ಕಟ್ಟಿಸಿದ ಬಂಗಲೆಗೆ ಜನ ಟೇಲರ್ ಮಂಜಿಲ್ ಎಂದರು, ಇವತ್ತಿಗೂ ಹಾಗೇ ಅನ್ನುತ್ತಾರೆ. 1844ರಲ್ಲಿ ಹೆಂಡತಿ ತೀರಿಕೊಂಡಳು. ಮತ್ತೆ ಮದುವೆಯಾಗದೆ ಅವನು ಇಲ್ಲೇ ಉಳಿದ.

ಅದೇ 1844ರಲ್ಲಿ ಇಂಗ್ಲೆಂಡಿನ ಪಿ ಅಂಡ್ ಒ ಹಡಗು ಕಂಪನಿ ಹೊಸದೊಂದು ವ್ಯಾಪಾರ ಶುರುಮಾಡಿತ್ತು. ಕೆಲಸವಿಲ್ಲದೆ, ಸರಕಿಲ್ಲದೆ, ಬರಿದೇ ಊರು ನೋಡಲೆಂದು ಮೆಡಿಟರೇನಿಯನ್ ಬಂದರುಗಳನ್ನು ಸುತ್ತಿಸುವ ಪ್ರವಾಸ ಅದು. ಕಲ್ಕತ್ತೆಯಲ್ಲಿ ಹುಟ್ಟಿದ ಕಾದಂಬರಿಕಾರ ಥ್ಯಾಕರೆ ಅದರಲ್ಲಿ ಹೋಗಿಬಂದು ಪುಸ್ತಕ ಬರೆದ. ಇಂದಿನ ಕ್ರೂಸ್ ಪ್ರವಾಸದ ಬೇರು ಅಲ್ಲಿದೆ. ಈಗ ಪಣಂಬೂರಿನ ನವಮಂಗಳೂರು ಬಂದರಿಗೆ ಅಂಥ ಹಡಗುಗಳು ಬರುತ್ತವೆ. ಅವುಗಳ ಪ್ರವಾಸಿಗಳು ಬೆಳಿಗ್ಗೆ ಇಳಿದು ಕುದ್ರೋಳಿ ಗುಡಿ, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಒಂದು ಹಗಲಿನಲ್ಲಿ ಕಣ್ಣಿಗೆ ಬೀಳುವುದು ಬೇರೆ, ಹನ್ನೆರಡು ಬೇಸಿಗೆ ಕಳೆದವನಿಗೆ ಕಾಣುವುದು ಬೇರೆ. ಟೇಲರನಿಗೆ ಕಂಡದ್ದಕ್ಕೆ ಸಾಕ್ಷಿ ವಿಭೂತಿಹಳ್ಳಿಯ ಕಲ್ಲುಗಳು.

ಶಹಾಪುರದಿಂದ ವಿಭೂತಿಹಳ್ಳಿ ಕೂಗಳತೆ ಎನ್ನುವಷ್ಟು ಹತ್ತಿರ. ಅಲ್ಲಿ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಮ ಅಂತರದಲ್ಲಿ ಸಾಲುಸಾಲಾಗಿ ಇಟ್ಟಿದ್ದಾರೆ. ನೇರ ನಿಂತು ನೋಡಿದರೂ ಸಾಲು, ಮೂಲೆಯಿಂದ ನೋಡಿದರೂ ಸಾಲು. ಸುತ್ತಲ ಗುಡ್ಡಗಳೇ ಗುಂಡುಕಲ್ಲಿನವು, ಹಾಗಾಗಿ ಗೊತ್ತಿಲ್ಲದವರು ಹಾಗೇ ದಾಟಿ ಹೋಗುತ್ತಾರೆ. ದನ ಮೇಯಿಸುವವರು ಅವುಗಳ ನೆರಳಿಗೆ ಕೂರುತ್ತಾರೆ. ಇವು ಉರುಳಿ ಬಂದ ಕಲ್ಲಲ್ಲ, ಮನುಷ್ಯರು ಎಣಿಸಿ ಇಟ್ಟ ಕಲ್ಲು ಎಂದು ಟೇಲರ್ ಗುರುತಿಸಿದ. ರಾಜನಕೋಳೂರಿನಲ್ಲಿ ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಕಲ್ಮನೆಗಳನ್ನು ನೋಡಿದ. ಅವು ಗಿಡ್ಡ ಜನರಾದ ಮೋರ್ಯರ ಮನೆಗಳು ಎಂದು ಊರಿನವರು ಹೇಳಿದ್ದನ್ನು ಬರೆದುಕೊಂಡ. ಭೀಮೆಯ ಮೇಲಿನ ಜೇವರ್ಗಿಯಲ್ಲಿ ಕಲ್ಲುಗುಪ್ಪೆ ಅಗೆಸಿದಾಗ ಎಲುಬು, ಮಡಕೆ ಸಿಕ್ಕವು. ಇವೆಲ್ಲದರ ಲೇಖನಗಳು 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಆಮೇಲೆ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಬಂದವು.

ತನ್ನ ದ್ವೀಪದ ಬೃಹತ್ ಶಿಲಾವೃತ್ತಗಳನ್ನು ನೆನೆದು, ಎರಡೂ ಕಡೆ ಒಂದೇ ಜನಾಂಗ ಹೋಗಿ ನೆಲೆಸಿರಬೇಕು ಎಂದು ಅವನು ಬಗೆದ. ಆ ಊಹೆ ಉಳಿಯಲಿಲ್ಲ. ಇಲ್ಲಿಯ ಸಮಾಧಿಗಳನ್ನು ಕಟ್ಟಿದ್ದು ದಖನ್ನಿನ ಕಬ್ಬಿಣಯುಗದ ಜನವೇ. ಆದರೆ ಅವನ ಅಳತೆ, ಅವನ ಚಿತ್ರ ಉಳಿದವು. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನದಲ್ಲಿ ಸುರಪುರ ಸೀಮೆಯ ಹೆಸರು ಮೊದಲ ಪುಟಗಳಲ್ಲೇ ಬರುವುದು ಅದರಿಂದ. ಇದೇ ನೆಲದಲ್ಲಿ ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಟ್ಟಲೆ ನಡೆದಾಡಿ, ಬೂದಿಹಾಳದ ಬೂದಿದಿಬ್ಬವನ್ನೂ, ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಮಾರು ಹನ್ನೆರಡು ಲಕ್ಷ ವರ್ಷ ಹಳೆಯ ಕಲ್ಲಾಯುಧದ ನೆಲೆಯನ್ನೂ ಅಗೆದು ತೋರಿಸಿದರು.

ಟೇಲರನ ಕಾಲದಲ್ಲಿ ಕಡಲೂ ಬದಲಾಗುತ್ತಿತ್ತು. 1830ರಲ್ಲಿ ಮುಂಬಯಿಯಲ್ಲೇ ಕಟ್ಟಿದ ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು ಒಂದು ತಿಂಗಳ ಮೇಲೆ ಕೆಲವು ದಿನಗಳಲ್ಲಿ ಸುಯೆಜ್ ಮುಟ್ಟಿ, ಕೆಂಪು ಸಮುದ್ರದ ದಾರಿ ಸಾಧ್ಯವೆಂದು ತೋರಿಸಿತು. ಕಲ್ಲಿದ್ದಲು ತುಂಬಿಸಿಕೊಳ್ಳಲು ನಡುವೆ ಬಂದರು ಬೇಕಾಯಿತು. 1839ರಲ್ಲಿ ಇಂಗ್ಲಿಷರು ಏಡನ್ ಹಿಡಿದರು. ಪ್ರಯಾಣಿಕರೂ ಟಪಾಲೂ ಈಜಿಪ್ಟಿನ ಮರಳನ್ನು ಒಂಟೆ, ಗಾಡಿಗಳಲ್ಲಿ ದಾಟಿ ಆಚೆಯ ಹಡಗು ಹಿಡಿಯತೊಡಗಿದವು. ಅರ್ಧ ವರ್ಷ ಹಿಡಿಯುತ್ತಿದ್ದ ಕಾಗದ ಒಂದೂವರೆ ಎರಡು ತಿಂಗಳಿಗೆ ಮುಂಬಯಿಗೆ ಬಂತು, ಅಲ್ಲಿಂದ ಓಟಗಾರರ ಹೆಗಲ ಮೇಲೆ ಸುರಪುರದ ಗುಡ್ಡ ಹತ್ತಿತು. ಮಗಳು ಇಂಗ್ಲೆಂಡಿನಲ್ಲಿ, ಅಪ್ಪ ಇಲ್ಲಿ. ತಂತಿ ಬರುವುದಕ್ಕೂ ಮುಂಚಿನ ಆ ವರ್ಷಗಳಲ್ಲಿ ಟೇಲರ್ ಮಂಜಿಲಿನ ಒಂಟಿತನಕ್ಕೆ ಆ ಚೀಲವೇ ಆಸರೆ.

1853ರಲ್ಲಿ ವೆಂಕಟಪ್ಪ ನಾಯಕನಿಗೆ ಅಧಿಕಾರ ಒಪ್ಪಿಸಿ ಟೇಲರ್ ಬೇರೆ ಜಿಲ್ಲೆಗೆ ಹೋದ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಐದು ವರ್ಷದೊಳಗೆ ಉತ್ತರದಲ್ಲಿ ದಂಗೆ ಎದ್ದು, ಅದರ ಬಿಸಿ ಕೃಷ್ಣೆಯವರೆಗೆ ಬಂತು. 1858ರ ಫೆಬ್ರವರಿಯಲ್ಲಿ ಸುರಪುರದ ಕಣಿವೆಯಲ್ಲಿ ಕಾದಾಟ ನಡೆಯಿತು. ಕ್ಯಾಪ್ಟನ್ ನ್ಯೂಬರಿ ಎಂಬ ಅಧಿಕಾರಿ ಬೇಡರ ಗುಂಡಿಗೆ ಬಿದ್ದ. ಕಂಪನಿಯ ಇನ್ನಷ್ಟು ಸೈನ್ಯ ಬರುತ್ತಿದ್ದಂತೆ ರಾಜ ರಾತ್ರಿಯೇ ಕುದುರೆ ಹತ್ತಿ ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಹಿಡಿಸಿ ಇಂಗ್ಲಿಷರ ಕೈಗೆ ಕೊಟ್ಟ.

ಸೆರೆಯಲ್ಲಿದ್ದ 24ರ ಹರೆಯದ ರಾಜನನ್ನು ನೋಡಲು ಟೇಲರ್ ಹೋದ. ಅಪ್ಪಾ ಎಂದು ಅಪ್ಪಿಕೊಂಡು ಅತ್ತನಂತೆ. ದಂಗೆಗೆ ಯಾರು ಯಾರು ಪ್ರೇರೇಪಿಸಿದರೆಂದು ಕೇಳಿದರೆ ರಾಜ ಹೆಸರು ಹೇಳಲಿಲ್ಲ, ಬೇಡರ ರಾಜ ಹಾಗೆ ಬಾಯಿಬಿಡಬಾರದು ಎಂದ. ಮೊದಲು ಮರಣದಂಡನೆ ವಿಧಿಸಿದರು, ಅದನ್ನು ಹೈದರಾಬಾದಿನ ಇಂಗ್ಲಿಷ್ ರೆಸಿಡೆಂಟರು ಗಡಿಪಾರಿಗೆ ಇಳಿಸಿದರು. ಗಡಿಪಾರು ಎಂದರೆ ಕರಿನೀರು. ಆ ವರ್ಷದ ಮಾರ್ಚ್ ತಿಂಗಳಲ್ಲೇ ಅಂಡಮಾನಿನಲ್ಲಿ ಕೈದಿಗಳ ವಸಾಹತು ಶುರುವಾಗಿತ್ತು, ದಂಗೆಯವರನ್ನು ಹಡಗಿನಲ್ಲಿ ತುಂಬಿ ಸಾಗಿಸುತ್ತಿದ್ದರು. ರಾಜನಿಗೆ ಅದು ಸಾವಿಗಿಂತ ಕೀಳು. ನಮ್ಮಲ್ಲಿ ಅತಿ ಬಡ ಬೇಡನೂ ಸೆರೆಯಲ್ಲಿ ಬದುಕಲಾರ, ಇನ್ನು ನಾನು ಹೇಗೆ ಬದುಕಲಿ ಎಂಬ ಅರ್ಥದಲ್ಲಿ ಅವನು ಹೇಳಿದನೆಂದು ಟೇಲರ್ ಬರೆದಿದ್ದಾನೆ. ಕಡಲಿನಿಂದ ಬಂದ ಆಡಳಿತ ಕೊಡಬಹುದಾಗಿದ್ದ ಅತಿ ದೊಡ್ಡ ದಯೆ ಎಂದರೆ ಕಡಲಿನಾಚೆಯ ಸೆರೆ. ಆ ದಯೆಯೇ ಅವನಿಗೆ ಬೇಡವಾಗಿತ್ತು. ಆ ಹುಡುಗನ ಮಾತಿನಲ್ಲಿ ಹೆದರಿಕೆ ಇರಲಿಲ್ಲ ಎಂಬುದನ್ನು ನಾನು ಪೂರ್ತಿ ನಂಬುತ್ತೇನೆ. ಫಿರೋಜನ ಕೈಗೆ ಹಡಗು ಲೋಕವನ್ನು ತಂದು ಕೊಟ್ಟಿತ್ತು, ನಿಕಿತಿನನಿಗೆ ಬದುಕಲು ಇನ್ನೊಂದು ಅವಕಾಶ, ಟೇಲರನಿಗೆ ಒಂದು ವೃತ್ತಿ. ಬೇರು ಸಮೇತ ನೆಲದವನಾಗಿದ್ದವನಿಗೆ ಅದು ಕೊಡಲು ಬಂದದ್ದು ಸಂಕೋಲೆ.

ಗವರ್ನರ್ ಜನರಲ್ ಶಿಕ್ಷೆಯನ್ನು ಇನ್ನೂ ಇಳಿಸಿ, ಮದ್ರಾಸ್ ಪ್ರಾಂತದ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದ. ಕಡಲ ಶಿಕ್ಷೆ ತಪ್ಪಿತು. ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ ವೆಂಕಟಪ್ಪ ನಾಯಕ ಪಿಸ್ತೂಲಿನ ಗುಂಡಿಗೆ ಸತ್ತ. ಕಾವಲಿನ ಅಧಿಕಾರಿಯ ಆಯುಧ ಅದು. ತಾನೇ ಹೊಡೆದುಕೊಂಡ ಎಂದು ಸರ್ಕಾರ ಬರೆಯಿತು. ಕೊಂದರು ಎಂದು ಸುರಪುರ ನಂಬಿತು, ಇಂದಿಗೂ ಅಲ್ಲಿ ಆ ಮಾತು ಬದಲಾಗಿಲ್ಲ. 1860ರಲ್ಲಿ ಇಂಗ್ಲಿಷರು ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಅದೇ ವರ್ಷ ಆರೋಗ್ಯ ಕೆಟ್ಟು ಟೇಲರ್ ಊರಿಗೆ ಹಡಗು ಹತ್ತಿದ.

ಆಮೇಲಿನದು ಬೇಗ ಬೇಗ ನಡೆಯಿತು. 1869ರ ನವೆಂಬರಿನಲ್ಲಿ ಸುಯೆಜ್ ಕಾಲುವೆ ತೆರೆಯಿತು. ಮುಂಬಯಿಯಿಂದ ಸೊಲ್ಲಾಪುರದವರೆಗೆ ಬಂದು ನಿಂತಿದ್ದ ರೈಲು ಕಲಬುರಗಿ, ಯಾದಗಿರಿ ದಾಟಿ ಕೃಷ್ಣೆಯ ಮೇಲೆ ಸೇತುವೆ ಹಾಕಿಸಿಕೊಂಡು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲನ್ನು ಕೂಡಿತು. ಮದ್ರಾಸಿನ ದೊರೆಗಳು ಇಂಗ್ಲೆಂಡಿಗೆ ಹೋಗಲು ಮುಂಬಯಿಯ ಹಡಗು ಹಿಡಿಯುವ ದಾರಿ ಈಗ ಯಾದಗಿರಿಯ ಮೇಲೆಯೇ. ವಿಲಾಯತಿ ಟಪಾಲಿನ ಚೀಲಗಳು ಈ ನಿಲ್ದಾಣದ ಮುಂದೆ ಹಾದವು. ಬಯಲಿನ ಹತ್ತಿ ಎತ್ತಿನ ಗಾಡಿಯಲ್ಲಿ ನಿಲ್ದಾಣಕ್ಕೆ ಬಂದು ಮುಂಬಯಿಯ ಹಡಗುಕಟ್ಟೆಗೆ ಹೋಯಿತು. ನೂರಾರು ವರ್ಷ ಕುದುರೆ, ಕತ್ತೆ, ಎತ್ತುಗಳ ಕಾಲಿನಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಬಂದರು ಒಂದು ಹಗಲು ಒಂದು ರಾತ್ರಿಯ ದೂರಕ್ಕೆ ಬಂತು.

1875ರಲ್ಲಿ ಸಾಲಾರ್ ಜಂಗರ ಕರೆಯ ಮೇಲೆ ಟೇಲರ್ ಕೊನೆಯ ಸಲ ಬಂದ. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಹುಡುಗನಾಗಿದ್ದಾಗ ನಾಲ್ಕೈದು ತಿಂಗಳು ಹಿಡಿದ ಯಾನ ಈಗ ಸುಯೆಜ್ ದಾರಿಯಲ್ಲಿ ಕೆಲವೇ ವಾರಗಳದ್ದು. ಮುಂಬಯಿಯಿಂದ ವಾಡಿಗೆ, ಅಲ್ಲಿಂದ ಹಿಂದಿನ ವರ್ಷವಷ್ಟೇ ತೆರೆದ ನಿಜಾಮನ ರೈಲಿನಲ್ಲಿ ಹೈದರಾಬಾದಿಗೆ ಹೋಗುವ ದಾರಿಯಾಗಿತ್ತು. ವಾಡಿ ಎಂದರೆ ಯಾದಗಿರಿಯ ನೆರೆ. ಹೈದರಾಬಾದಿನಲ್ಲಿ ಜ್ವರ ಹತ್ತಿತು. ಮರಳುವಾಗ ಫ್ರಾನ್ಸಿನ ಮೆಂಟನ್ ಎಂಬ ಕಡಲ ದಂಡೆಯ ಊರಿನಲ್ಲಿ 1876ರ ಮೇ 13ರಂದು ತೀರಿಕೊಂಡ. ಮರುವರ್ಷ ಮಗಳು ಅವನ ಆತ್ಮಕಥೆಯನ್ನು ಅಚ್ಚು ಹಾಕಿಸಿದಳು. ಸುರಪುರದ ಅರಮನೆಯ ಮಾತುಕತೆ, ಈಶ್ವರಮ್ಮನ ಸಿಟ್ಟು, ವೆಂಕಟಪ್ಪನ ಕೊನೆಯ ದಿನಗಳ ವಿವರಗಳನ್ನು ಹುಡುಕುವವರು ಇಂದಿಗೂ ಅದರ ಬಾಗಿಲಿಗೇ ಹೋಗಬೇಕು. ಸೋತವರ ಕಡೆಯ ಕಥೆ ಮಾತ್ರ ಪುಸ್ತಕದಲ್ಲಿ ಇಲ್ಲ. ಅದು ಬೇಡರ ಮನೆಗಳಲ್ಲಿ, ಲಾವಣಿಗಳಲ್ಲಿ, ಸುರಪುರದ ಹಿರಿಯರ ನೆನಪಿನಲ್ಲಿ ಇದೆ.

ರೈಲು ಬಂದ ಮೇಲೆ ಈ ಸೀಮೆಯವರೇ ಕಡಲಿನ ಊರುಗಳಿಗೆ ಹೊರಟರು. ಮಳೆ ಕೈಕೊಟ್ಟ ವರ್ಷ ಶಹಾಪುರ, ಸುರಪುರದ ತಾಂಡಾಗಳಿಂದ, ಹಳ್ಳಿಗಳಿಂದ ಸಂಸಾರ ಸಮೇತ ಗುಳೆ ಹೋಗುವವರು ಯಾದಗಿರಿ ನಿಲ್ದಾಣದಲ್ಲಿ ಮುಂಬಯಿಯ ರೈಲಿಗೆ ಕಾಯುತ್ತಾರೆ. ಇನ್ನೊಂದಷ್ಟು ಜನ ಬಸ್ಸು ಹತ್ತಿ ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಚೀಲದಲ್ಲಿ ಕಟಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ ಇರುತ್ತದೆ. ಹಿಂದೆ ಚೌಲ್‌ನಲ್ಲಿ ಇಳಿದವನು ಇಲ್ಲಿಯ ಊಟವನ್ನು, ನಡೆಯನ್ನು ಬರೆದಿಟ್ಟದ್ದರಿಂದ ನಮಗೆ ನಮ್ಮ ಹಿಂದಿನವರ ಒಂದು ಚಿತ್ರ ಸಿಕ್ಕಿತು. ಇಲ್ಲಿಂದ ಹೋಗಿ ಬಂದರು ನಗರಗಳ ಗೋಡೆ ಕಟ್ಟಿದವರು ಅಲ್ಲಿ ಕಂಡದ್ದೇನು, ಉಂಡದ್ದೇನು, ಯಾರು ಬಾಗಿಲು ತೆರೆದರು, ಯಾರು ಮುಚ್ಚಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸ ಈ ಮೂರು ಊರುಗಳ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ಕಾದಿದೆ. ಆ ಸಾಕ್ಷಿಗಳಲ್ಲಿ ಬಹಳ ಮಂದಿ ಅವರ ಮನೆಯಲ್ಲೇ ಇದ್ದಾರೆ.